ಕಹಳೆಯಕ್ಕನ ಎಡ ಮೂತ್ರಪಿಂಡ

ಬಂದರಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಹಳೆಯಕ್ಕ ಎಂದೇ. ಬೆಳಿಗ್ಗೆ ಬೋಟುಗಳು ಬಂದು ಮೀನಿನ ಬುಟ್ಟಿಗಳು ಸಿಮೆಂಟು ನೆಲದ ಮೇಲೆ ಸಾಲಾದವೆಂದರೆ ಹರಾಜು ಕೂಗುವವಳು ಅವಳು. ಕೆಲಸ ಕಲಿಸಿದ್ದು ದೊಡ್ಡಮ್ಮ, ಗಂಟಲು ಮಾತ್ರ ಅವಳದೇ. ಐಸ್ ಪುಡಿ ಮಾಡುವ ಯಂತ್ರದ ಗರಗರ, ಎಂಜಿನ್ನುಗಳ ಸದ್ದು, ಹಕ್ಕಿಗಳ ಗಲಾಟೆ ಎಲ್ಲದರ ಮೇಲೂ ಅವಳ ದನಿ ಕೊನೆಯ ಸಾಲಿನ ವ್ಯಾಪಾರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬೆಲೆ ಏರಿಸಲು ಹಿಂದೆಮುಂದೆ ನೋಡುವವನನ್ನು ಕಂಡರೆ ಬಿಡುತ್ತಿರಲಿಲ್ಲ.

“ಏನ್ ಸಾಹುಕಾರ್ರೇ, ಮೀನಮೇಷ ಎಣಿಸ್ತಾ ಇದ್ದೀರಾ? ಮೀನು ಇಲ್ಲೇ ಇದೆ, ಮೇಷ ಮನೇಗ್ಹೋಗಿ ಎಣಿಸ್ಕೊಳ್ಳಿ.”

ನಕ್ಕವರು ನಗುತ್ತಲೇ ಬೆಲೆ ಏರಿಸುತ್ತಿದ್ದರು.

ಮೂವತ್ತು ದಾಟಿದ ಮೇಲೆ ಅವಳಿಗೆ ತಲೆನೋವು ಶುರುವಾಯಿತು. ಒಂದು ದಿನ ಹರಾಜಿನ ನಡುವೆ ಕಣ್ಣು ಕತ್ತಲಿಟ್ಟು ಬುಟ್ಟಿಯ ಅಂಚು ಹಿಡಿದು ಕೂತುಬಿಟ್ಟಳು. ಹತ್ತಿರದ ಕ್ಲಿನಿಕ್ಕಿನ ವೈದ್ಯರು ತೋಳಿಗೆ ಪಟ್ಟಿ ಸುತ್ತಿ ನೋಡಿ ಹುಬ್ಬೇರಿಸಿದರು. ಈ ವಯಸ್ಸಿಗೆ ಇಷ್ಟು ಬಿ.ಪಿ. ಇರಬಾರದು, ಉಪ್ಪು ಕಡಿಮೆ ಮಾಡಿ, ಕೋಪ, ಕೂಗಾಟ ಬಿಡಿ ಎಂದು ಮಾತ್ರೆ ಬರೆದುಕೊಟ್ಟರು.

ಉಳಿದ ಮಾತು ಹೇಗೋ ಏನೋ, ಕೂಗಾಟ ಎಂಬ ಮಾತು ಗಂಡನ ಕಿವಿಯಲ್ಲಿ ನಿಂತುಬಿಟ್ಟಿತು. ಬೋಟಿನ ಎಂಜಿನ್ ರಿಪೇರಿ ಮಾಡುವ, ಮೆತ್ತಗಿನ ಮನುಷ್ಯ ಅವನು. ಅವನ ತಾಯಿ ಬಿ.ಪಿ. ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಿ, ಬಟ್ಟೆ ಒಗೆಯುತ್ತಿದ್ದಲ್ಲೇ ಕುಸಿದು ತೀರಿಹೋಗಿದ್ದಳು.

“ನಿಂಗೆ ಕೈ ಮುಗೀತೀನಿ ಕಣೇ, ಆ ಕೆಲಸ ಬಿಟ್ಟುಬಿಡು.”

“ಬಿಟ್ಟು ಏನ್ ಮಾಡ್ಲಿ ರೀ? ನಂಗೆ ಬರೋದೇ ಅದೊಂದು.”

“ಬದುಕಿರು, ಸಾಕು.”

ಅವಳು ಕೆಲಸ ಬಿಟ್ಟಳು. ಐಸ್ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಬಲೆ ಹೊಲಿಯಲು ಕೂತಳು.

ಮನೆಯಲ್ಲೂ ಹಾಗೇ ಆಯಿತು. ದನಿ ಸ್ವಲ್ಪ ಏರಿದರೆ ಗಂಡ “ಬಿ.ಪಿ., ಬಿ.ಪಿ.” ಎನ್ನುತ್ತಿದ್ದ. ಕೆಟ್ಟ ಸುದ್ದಿಗಳು ಅವಳ ಕಿವಿಗೆ ಬೀಳದಂತೆ ಬಳಸಿ ಹೋಗತೊಡಗಿದವು. ಕೆಲವು ವರ್ಷಗಳ ಮೇಲೆ ಮಗಳು ಕಾಲೇಜು ಅರ್ಧಕ್ಕೆ ಬಿಟ್ಟು ಮದುವೆಗೆ ಒಪ್ಪಿದ ವಿಷಯವೂ ಅವಳಿಗೆ ತಿಳಿದದ್ದು ಎಲ್ಲ ನಿಶ್ಚಯವಾದ ಮೇಲೆಯೇ. ಮೊದಲಿನ ಕಹಳೆಯಕ್ಕ ಆಗಿದ್ದರೆ ಬೀದಿಯೇ ಎದ್ದು ಕೂರುತ್ತಿತ್ತು. ಅವಳು ಬಲೆಯ ದಾರವನ್ನು ಹಲ್ಲಿನಿಂದ ಕಡಿದು, “ಹುಡುಗ ಒಳ್ಳೆಯವನಾ?” ಎಂದಷ್ಟೇ ಕೇಳಿದಳು.

ಇಷ್ಟಾದರೂ ಬಿ.ಪಿ. ಮಾತ್ರ ಇಳಿಯಲಿಲ್ಲ. ಒಂದು ಮಾತ್ರೆ ಇದ್ದದ್ದು ನಾಲ್ಕಾಯಿತು. ಮಾತ್ರೆಯನ್ನು ಚರಂಡಿಗೆ ಎಸೆಯುತ್ತಿದ್ದಾಳೆಯೇ ಎಂದು ಗಂಡನಿಗೆ ಅನುಮಾನ. ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟ.

ಮೊಮ್ಮಗು ಹುಟ್ಟಿದ ವರ್ಷ ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಸೇರಿದಳು. ಅಲ್ಲಿನ ವೈದ್ಯೆ ಎದೆ ಪರೀಕ್ಷಿಸಿ, ಆಮೇಲೆ ಸ್ಟೆತಾಸ್ಕೋಪನ್ನು ಹೊಕ್ಕುಳಿನ ಎಡಕ್ಕೆ ಒತ್ತಿ ಬಹಳ ಹೊತ್ತು ಆಲಿಸಿದರು. ಇಕ್ಕಟ್ಟಿನಲ್ಲಿ ರಕ್ತ ನುಗ್ಗುವ ಸುಯ್ಯೆಂಬ ಸದ್ದು ಅಲ್ಲಿತ್ತು. ಸ್ಕ್ಯಾನ್ ಆಯಿತು. ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದರು.

“ಮೂತ್ರಪಿಂಡದೊಳಗೆ ರಕ್ತ ತರೋ ಸಣ್ಣ ನಾಳದ ಗೋಡೇಲಿ ಕೆಲವು ಜೀವಕೋಶಗಳಿವೆ. ರೆನಿನ್ ಅನ್ನೋ ಕಿಣ್ವಾನ ತಮ್ಮೊಳಗೆ ಕೂಡಿಟ್ಕೊಂಡಿರ್ತವೆ. ರಕ್ತ ಜೋರಾಗಿ ಬಂದು ಗೋಡೆ ಹಿಗ್ಗಿದ್ರೆ ಆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತೆ, ರೆನಿನ್ ಹೊರಗೆ ಬರೋದು ನಿಲ್ಲುತ್ತೆ. ಬೇರೆ ಎಷ್ಟೋ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಏರಿದ್ರೆ ಒಳಗಿದ್ದದ್ದು ಹೊರಬರುತ್ತೆ, ಇಲ್ಲಿ ಮಾತ್ರ ತಿರುವುಮುರುವು. ಗೋಡೆ ಸಡಿಲ ಆದ್ರೆ ರೆನಿನ್ ಬಿಡ್ತವೆ. ಅದರಿಂದ ಮೈಯ ನಾಳಗಳು ಬಿಗಿಯಾಗಿ, ಉಪ್ಪೂ ನೀರೂ ಒಳಗೇ ಉಳಿದು, ಒತ್ತಡ ಏರುತ್ತೆ.”

“ನನ್ನ ಮೈಯಲ್ಲಿ ಒತ್ತಡ ಮೊದಲೇ ಏರಿದೆಯಲ್ಲ ಡಾಕ್ಟ್ರೇ. ಮತ್ಯಾಕೆ ಬಿಡ್ತವೆ?”

“ನಿಮ್ಮ ಎಡ ಮೂತ್ರಪಿಂಡಕ್ಕೆ ಹೋಗೋ ದೊಡ್ಡ ನಾಳ ಒಂದು ಕಡೆ ಕಿರಿದಾಗಿದೆ. ಅದರಾಚೆ ಇರೋ ಜೀವಕೋಶಗಳಿಗೆ ತಲುಪೋ ರಕ್ತ ಕಡಿಮೆ. ಇಡೀ ಮೈಯಲ್ಲೇ ಒತ್ತಡ ಬಿದ್ದಿದೆ ಅನ್ನೋ ಹಾಗೆ ಅವು ರೆನಿನ್ ಬಿಡ್ತಾನೇ ಇವೆ. ಬಲಗಡೆಯವು ನಿಲ್ಲಿಸಿದ್ರೂ ಪ್ರಯೋಜನ ಇಲ್ಲ.”

ಗಂಡ ನಿಧಾನವಾಗಿ ಕೇಳಿದ, “ಇದು ಕೂಗಿದ್ದಕ್ಕೆ ಬಂದದ್ದಾ?”

“ಕೂಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾಳದ ಗೋಡೆ ಬೆಳೆದ ರೀತಿಯೇ ಹಾಗೆ. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಕಾಣುತ್ತೆ. ಆಗಲೇ ಸ್ಕ್ಯಾನ್ ಮಾಡಿಸಿದ್ರೆ ಚೆನ್ನಾಗಿತ್ತು.”

ಅವನು ತನ್ನ ಎಣ್ಣೆಗಪ್ಪು ಹಿಡಿದ ಉಗುರುಗಳನ್ನು ನೋಡುತ್ತಾ ಕೂತ.

ತೊಡೆಯ ನಾಳದ ಮೂಲಕ ಬಲೂನು ತೂರಿಸಿ ಇಕ್ಕಟ್ಟನ್ನು ಬಿಡಿಸಿದರು. ಬಿ.ಪಿ. ಇಳಿಯಿತು, ನಾಲ್ಕು ಮಾತ್ರೆಗಳಲ್ಲಿ ಒಂದು ಉಳಿಯಿತು. ಅಷ್ಟು ವರ್ಷ ರಕ್ತ ಸಾಲದೆ ಕುಗ್ಗಿದ ಎಡ ಮೂತ್ರಪಿಂಡ ಮಾತ್ರ ಮೊದಲಿನಂತಾಗಲಿಲ್ಲ.

ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಬಂದರಿಗೆ ಹೋದಳು. ಗೋಡೆಯ ಮೇಲೆ ಹರಾಜಿನ ಬೆಲೆ ತೋರಿಸುವ ಪರದೆ, ವ್ಯಾಪಾರಿಗಳ ಕೈಯಲ್ಲಿ ಒತ್ತುವ ಗುಂಡಿ. ಬೆಲೆ ಸದ್ದಿಲ್ಲದೆ ಏರುತ್ತಿತ್ತು. ಹಳೆಯ ವ್ಯಾಪಾರಿಯೊಬ್ಬ ಗುರುತು ಹಿಡಿದು, “ಒಂದ್ಸಲ ಕೂಗ್ರೀ ಅಕ್ಕ, ಕೇಳೋಣ” ಎಂದ. ಬಾಯಿ ತೆರೆದಳು. ಒಡಕು ದನಿಯೊಂದು ಹೊರಟು ಕೆಮ್ಮಾಯಿತು. ನಕ್ಕು ಬಂದುಬಿಟ್ಟಳು.

ಅಂದು ಊಟ ಬಡಿಸುವಾಗ ಗಂಡ ಹೇಳಿದ, “ನಿನ್ನ ಬಾಯಿ ಮುಚ್ಚಿಸಿದವನು ನಾನೇ. ಬೈಯಿ ನನ್ನ, ಹೊಟ್ಟೆ ತುಂಬ ಬೈಯಿ.”

ಅವಳು ಸೌಟಿನಿಂದ ಅವನ ತಟ್ಟೆಗೆ ಸಾರು ಹಾಕಿದಳು. “ಬಾಯಿಗೇ ಬರ್ತಿಲ್ಲ ರೀ. ನೀವು ಹೆದರಿಕೊಂಡಿದ್ರಿ. ನಾನೂ ಹೆದರಿಕೊಂಡೆ.”

ಮರುದಿನ ಮಗಳಿಗೆ ಫೋನ್ ಮಾಡಿ ಕೇಳಿದಳು, “ಆವಾಗ ನಿಂಗೆ ಓದೋಕೆ ಮನಸ್ಸಿತ್ತೇನೇ?”

ಆ ಕಡೆ ಮಗು ಕುಂಯ್ಗುಟ್ಟುವುದು ಕೇಳಿಸಿತು.

“ಇತ್ತಮ್ಮ. ನಿನ್ ಹತ್ರ ಹೇಳೋಣ ಅಂತಾನೇ ಬಂದಿದ್ದೆ. ಬಾಗಿಲ ಹತ್ರ ಅಪ್ಪ ಬೇಡ ಅಂದ್ರು.”