ನನ್ನ ಹೆಸರುಕಾಳಿನ ಹುಳ, ಗಂಗವ್ವನ ಶಾವಿಗೆ

ಗೆಳೆಯರೇ, ಇಂದು ಮಧ್ಯಾಹ್ನ ಯಾರೋ ನನ್ನ ಬಾಗಿಲು ಬಡಿದರು. ಬೆಟಗೇರಿಯ ಶಾಲೆಗೆ ವರ್ಗವಾಗಿ ಬಂದು ಮೂರು ತಿಂಗಳಾಯಿತು. ಹಾಲಿನವನನ್ನು ಬಿಟ್ಟರೆ ಇದೇ ಮೊದಲು.

ತೆರೆದರೆ ಪಕ್ಕದ ಮನೆಯ ಗಂಗವ್ವ. ಸೀರೆ ನೇಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು.

"ಅಕ್ಕಾರ, ನಿಮ್ಮ ಹೆಸರುಕಾಳಿನ ಹುಳ ಗ್ವಾಡಿ ದಾಟಿ ನಮ್ಮ ಶಾವಿಗಿ ಮ್ಯಾಲೆ ಹರದಾಡಾಕತ್ತಾವ್ರಿ!"

ಹುಳ ಹಿಡಿದ ಕಾಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದೆ. ಹುಳ ಸಾಯುತ್ತವೆ ಅಂದುಕೊಂಡಿದ್ದೆ. ಅವು ಊರು ಬಿಟ್ಟಿದ್ದವು.

"ಔಡಲೆಣ್ಣಿ ಹಚ್ಚಿ ಇಟ್ಟಿರಲಿಲ್ಲೇನ್ರಿ?"

"ಇಲ್ಲವ್ವ."

"ಒಬ್ಬಾಕಿಗೆ ಇಷ್ಟ್ಯಾಕ ಕಾಳ?"

"ಮನ್ಯಾಗ ಎಲ್ಲಾರೂ ಇದ್ದಾಗ ಇಷ್ಟ ತರ್ತಿದ್ವಿ. ಅದ ರೂಢಿ."

ಗಂಗವ್ವ ಸೆರಗು ಸಿಕ್ಕಿಸಿಕೊಂಡಳು. ಮಾಳಿಗೆ ಹತ್ತಿ ಕಾಳು ಜರಡಿ ಹಿಡಿದಳು. ಆರಿದ ಮೇಲೆ ತನ್ನ ಮನೆಯಿಂದ ಔಡಲೆಣ್ಣೆ, ಅದೇ ಹರಳೆಣ್ಣೆ, ತಂದು ಅಂಗೈಗೆ ಸವರಿಕೊಂಡು ಕಾಳಿಗೆಲ್ಲ ತಿಕ್ಕಿದಳು. ಆಮೇಲೆ ಮತ್ತೆ ಬೈಯಲು ಶುರು ಮಾಡಿ, ಡಬ್ಬಿಯ ಮುಚ್ಚಳ ಬಿಗಿಯುವವರೆಗೂ ಬೈದಳು. ಚಹಾ ಕುಡಿದೇ ಹೋದಳು.

ಮನೆ ಮತ್ತೆ ಸುಮ್ಮನಾಯಿತು. ಅಲಸಂದಿ ಡಬ್ಬಿ ತೆರೆದು ನೋಡಿದೆ. ಅದರಲ್ಲೂ ಹುಳ.

ಗಂಗವ್ವ ಬಿಟ್ಟುಹೋದ ಔಡಲೆಣ್ಣೆ ಇನ್ನೂ ಅರ್ಧ ಬಾಟಲಿ ಉಳಿದಿದೆ. ಆದರೂ ನಾಳೆ ಅಲಸಂದಿಯನ್ನು ಮಾಳಿಗೆಯ ಮೇಲೆ ಗಂಗವ್ವನ ಗೋಡೆಗೆ ತಾಗಿಸಿಯೇ ಹರವುತ್ತೇನೆ.