ಮತ್ತೆ ಮತ್ತೆ ಬುಕ್ ಮಾಡಿದ ಲೆಕ್ಕ

1988ರ ಮಳೆಗಾಲದ ಒಂದು ಮಧ್ಯಾಹ್ನ, ಹೊನ್ನಾಳಿಯ ನೀರಾವರಿ ಇಲಾಖೆಯ ಒಂದು ಸಣ್ಣ ಕಚೇರಿಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಅಲ್ಲಿ ನಾನು ಪ್ರೋಗ್ರಾಮರ್. ಚನ್ನಗಿರಿಗೆ ಹೋಗಿದ್ದವನು ಆಗಷ್ಟೇ ಬಸ್ಸಿಳಿದು ಬಂದಿದ್ದೆ.

ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಎಷ್ಟು ಏರುತ್ತದೆಂದು ಕಂಪ್ಯೂಟರ್ ಹೇಳಿದ ಮೇಲೆಯೇ ದಂಡೆಯ ಕೇರಿ ಖಾಲಿ ಮಾಡಿಸುವುದೆಂದು ನಮ್ಮ ಕಚೇರಿಯ ಸಾಹೇಬರು ಕೂತಿದ್ದರು. ಆ ಕೇರಿಯಲ್ಲಿ ನಮ್ಮ ಆಪರೇಟರ್ ಶಾಂತಮ್ಮನವರ ತಾಯಿ ಹಾಸಿಗೆ ಹಿಡಿದಿದ್ದರು.

“ಸಾರ್, ನಮ್ಮವ್ವಗೆ ಏಳಾಕೆ ಆಗಲ್ಲ. ಒಂದೀಟು ಹೋಗಿ ಬರ್ತೀನ್ರಿ,” ಎಂದರು ಶಾಂತಮ್ಮ.

“ಅಂಕಿ ಬರ್ಲಿ, ತಡೀರಿ,” ಎಂದರು ಸಾಹೇಬರು. “ಸುಮ್ನೆ ಊರು ಎಬ್ಬಿಸಿದ್ರೆ ನಾಳೆ ನನ್ನ ನೋಡಿ ನಗ್ತಾರೆ. ಮಿಷನ್ ಹೆಂಗೆ ದುಡೀತೈತೆ ನೋಡ್ರಿ! ನಮ್ಮ ಆಫೀಸ್ನಾಗೆ ಯಾರಾದ್ರೂ ಹಿಂಗೆ ದುಡಿದಿದ್ದು ಐತಾ?”

ಹಾರ್ಡ್ ಡಿಸ್ಕಿನ ಕೆಂಪು ದೀಪ ಆರದೆ ಉರಿಯುತ್ತಿತ್ತು. ಪರದೆ ಮಾತ್ರ ಖಾಲಿ.

“ಎಷ್ಟು ಸಲ ಓಡಿಸಿದ್ರಿ?” ಎಂದು ಶಾಂತಮ್ಮನವರನ್ನು ಕೇಳಿದೆ.

“ಅದೇ ಲೆಕ್ಕ ನಾಲ್ಕೂ ಟರ್ಮಿನಲ್ನಾಗೆ ಕೊಟ್ಟೀನಿ ಸಾರ್. ಟ್ರಂಕ್ ಕಾಲ್ ಸಿಗದಿದ್ರೆ ಅರ್ಜೆಂಟ್ ಅಂತ ಮತ್ತೆ ಬುಕ್ ಮಾಡಲ್ವ, ಹಂಗೆ.”

ಮೊದಲು ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ದೂರದ ಊರುಗಳಿಗೆ ಟ್ರಂಕ್ ಕಾಲ್ ಜೋಡಿಸಿಕೊಡುತ್ತಿದ್ದವರು.

ಮೆಮರಿ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್ ಸದ್ಯಕ್ಕೆ ಬೇಡದ ಪುಟಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಡಿಸ್ಕಿಗೆ ಇಳಿಸಿ, ಬೇಕಾದಾಗ ಮೇಲೆ ತರುತ್ತದೆ. ಎಲ್ಲವೂ ಮೆಮರಿಯಲ್ಲೇ ಇದೆಯೆಂದು ಪ್ರೋಗ್ರಾಮ್ ನಂಬಿರುತ್ತದೆ. ಇದೇ ವರ್ಚುಯಲ್ ಮೆಮರಿ. ಒಂದು ಲೆಕ್ಕವನ್ನು ನಮ್ಮ ಯಂತ್ರ ಹೀಗೆ ಹೇಗೋ ಸಂಭಾಳಿಸುತ್ತಿತ್ತು. ಈಗ ನಾಲ್ಕು ಲೆಕ್ಕಗಳು ಒಂದರ ಪುಟವನ್ನು ಇನ್ನೊಂದು ಹೊರದಬ್ಬುತ್ತಿದ್ದವು. ಪ್ರೊಸೆಸರ್ ಎಷ್ಟು ಕೆಲಸ ಮಾಡಿದೆಯೆಂದು ನೋಡಿದೆ. ಡಿಸ್ಕಿನಿಂದ ಪುಟ ಬರಲೆಂದು ಕಾಯುತ್ತ ಅದು ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು.

“ಮೂರನ್ನು ನಿಲ್ಲಿಸ್ತೀನಿ,” ಎಂದೆ.

“ಬ್ಯಾಡ್ರಿ! ಬೆಳಗಿಂದ ಮಾಡಿದ್ದೆಲ್ಲ ಹಾಳಾಗತೈತೆ!” ಎಂದು ಸಾಹೇಬರು ಎದ್ದು ನಿಂತರು.

“ಮಾಡಿರೋದು ಏನೂ ಇಲ್ಲ ಸಾರ್.”

ನಿಲ್ಲಿಸಿದೆ. ಕೆಂಪು ದೀಪ ಮಿಟುಕತೊಡಗಿತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಕತ್ತಲಾಗುವ ಮೊದಲೇ ಕೇರಿಗೆ ನೀರು. ಶಾಂತಮ್ಮ ಪೂರ್ತಿ ಓದದೆ ಓಡಿದರು. ಜೀಪಿನ ಚಾಲಕ ರುದ್ರಪ್ಪನೂ ನಾನೂ ಹಿಂದೆಯೇ ಹೋದೆವು. ಸಾಹೇಬರೂ ಕೇರಿಗೆ ಬಂದು ಬೇರೆ ಮನೆಗಳ ಬಾಗಿಲು ಬಡಿಯತೊಡಗಿದರು.

ಲೆಕ್ಕ ಹೇಳಿದ್ದಕ್ಕಿಂತ ಮುಂಚೆಯೇ ನೀರು ಬಂದಿತ್ತು. ಮಂಚದ ಕಾಲುಗಳು ಕಾಣುತ್ತಿರಲಿಲ್ಲ. ಮುದುಕಿಯನ್ನು ಮಂಚದ ಸಮೇತ ಎತ್ತಿ ಹೊರತಂದೆವು. ಕೂಗಿ ಕೂಗಿ ಆಕೆಯ ದನಿ ಬಿದ್ದುಹೋಗಿತ್ತು.

“ಇಷ್ಟೊತ್ತು ಎಲ್ಲಿದ್ಯೇ?” ಎಂದು ಮಗಳನ್ನು ಕೇಳಿದರು. ಶಾಂತಮ್ಮ ಸೆರಗಿನಿಂದ ಅವ್ವನ ಮುಖ ಒರೆಸಿದರು.

ಕೇರಿಯಲ್ಲಿ ಯಾರೂ ಸಾಯಲಿಲ್ಲ. ಆದರೂ ಆ ಕೆಂಪು ದೀಪದ ಮುಂದೆ ಬೆಳಗಿಂದ ಎಲ್ಲರೂ ಗೌರವದಿಂದ ಕಾದು ಕೂತಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಗದ್ದಲ ಎಷ್ಟಿದೆಯೆಂದು ಆಮೇಲೆ ನಾನು ನೋಡಿದ್ದಿಲ್ಲ. ಕೆಲಸ ಎಷ್ಟು ಮುಂದೆ ಹೋಯಿತೆಂದು ಮೊದಲು ಕೇಳುತ್ತೇನೆ.

ಸಾಹೇಬರು ಈಗಿಲ್ಲ. ನಮ್ಮ ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದವರು ಇಬ್ಬರು. ರುದ್ರಪ್ಪ ನ್ಯಾಮತಿಯಲ್ಲಿದ್ದಾನೆ. ಶಾಂತಮ್ಮ ಜಗಳೂರಿನಲ್ಲಿದ್ದಾರೆ, ಹೊಳೆಯಿಲ್ಲದ ಊರೆಂದೇ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದರು.