ಒದ್ದೆಯಾಗಿದ್ದ ಎಲುಬು

ಎಪ್ಪತ್ತರ ದಶಕದ ಕೊನೆಯಲ್ಲಿ, ದೇವದುರ್ಗದ ಕಡೆ ಕೃಷ್ಣೆಯ ದಂಡೆಯ ಭೂಪದರಗಳ ನಕ್ಷೆ ತಯಾರಿಸುವ ಕೆಲಸ, ಭೂವಿಜ್ಞಾನಿಯಾಗಿದ್ದ ನನ್ನದಾಗಿತ್ತು. ಹೊಳೆ ಕೊರೆದ ದಂಡೆಯಲ್ಲಿ ಗರಸು, ಜೇಡಿಮಣ್ಣು ಪದರ ಪದರವಾಗಿ ಕಾಣುತ್ತಿದ್ದವು. ಯಾವ ಪ್ರಾಣಿಯ ಹಳೆಯ ಎಲುಬು ಸಿಗುತ್ತದೆ ಎಂಬುದರ ಮೇಲೆ ಆ ಪದರದ ಕಾಲವನ್ನು ಅಂದಾಜು ಮಾಡುತ್ತಿದ್ದೆವು. ಎಲುಬೋ ಕಲ್ಲೋ ಎಂಬ ಅನುಮಾನ ಬಂದರೆ ನಾಲಿಗೆ ಹಚ್ಚಿ ನೋಡುವುದು ನಮ್ಮ ಕಸುಬಿನ ರೂಢಿ. ಒಣಗಿದ ಎಲುಬು ನಾಲಿಗೆಗೆ ಅಂಟಿಕೊಳ್ಳುತ್ತದೆ, ಕಲ್ಲು ಅಂಟುವುದಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ, ದಂಡೆಯಿಂದ ಎದೆಯೆತ್ತರಕ್ಕೆ ಚಾಚಿಕೊಂಡಿದ್ದ ತುಂಡೊಂದಕ್ಕೆ ನಾಲಿಗೆ ಹಚ್ಚಿದೆ. ಅಂಟಲಿಲ್ಲ. ಹಾಳು ಕಲ್ಲು ಎಂದು ಬೈದುಕೊಂಡೆ. ಆಮೇಲೆ ಬಾಯಲ್ಲಿ ಲೋಳೆ ಲೋಳೆ ಅನಿಸಿತು. ಸುತ್ತಲಿನ ಮಣ್ಣೆಲ್ಲ ಒಣಗಿ ಬಿರಿದಿತ್ತು, ಆ ತುಂಡು ಮಾತ್ರ ಒದ್ದೆಯಾಗಿತ್ತು. ಒರೆಸಿ ನೋಡಿದರೆ ದವಡೆ, ಹಲ್ಲುಗಳ ಸಮೇತ. ದನದ ಜಾತಿಯದೇ, ಆದರೆ ಅಷ್ಟು ದೊಡ್ಡ ದವಡೆ ಈಗಿನ ಯಾವ ಎತ್ತಿಗೂ ಇಲ್ಲ.

"ಜರಾ ಸರೀರಿ ಯಪ್ಪಾ," ಎಂದಳು ಹಿಂದಿನಿಂದ ದನ ಕಾಯುವ ಮುದುಕಿ. "ನಮ್ಮ ಆಕಳ ದಿನಾ ಇದನ್ನ ನೆಕ್ಕಾಕ ಬರ್ತದ. ಮೇವಿನ್ಯಾಗ ಸತ್ವ ಇಲ್ಲಂದ್ರ ದನ ಎಲುಬು ಹುಡುಕ್ತಾವ."

ಬಡಕಲು ಆಕಳೊಂದು ನನ್ನನ್ನು ತಳ್ಳಿಕೊಂಡು ಬಂದು ದವಡೆ ನೆಕ್ಕತೊಡಗಿತು. ಅದನ್ನು ಸರಿಸಲು ಕೈ ಚಾಚಿದೆ. ಆಕಳು ದವಡೆ ಬಿಟ್ಟು ನನ್ನ ಕೈಗೆ ನಾಲಿಗೆ ಹಾಕಿತು. ಬೆವೆತ ಅಂಗೈಯನ್ನು ದಾಟಿ, ಮಣಿಕಟ್ಟಿನಲ್ಲಿ ಎಲುಬು ಉಬ್ಬಿದ ಜಾಗವನ್ನು ಹುಡುಕಿಕೊಂಡು, ಅಲ್ಲಿಯೇ ನೆಕ್ಕುತ್ತ ನಿಂತಿತು.